ಅಪ್ಪ ಕೇಳಿದ ಕೊನೆಯ ಸಾಕ್ಷಿ

ಖಾಲಿ ಕುರ್ಚಿಯ ಜೊತೆ ಮಾತಾಡುವವರನ್ನು ಕಂಡರೆ ಜನ ಹೆದರುತ್ತಾರೆ. ನನಗೆ ಅವರ ಮಾತಿನಿಂದ ಏನೂ ಆಗುವುದಿಲ್ಲ. ಅವರು ಮಾತು ನಿಲ್ಲಿಸಿ, ಕಿವಿಗೊಟ್ಟು ಕೇಳತೊಡಗಿದಾಗ ಮಾತ್ರ ಮೈ ಜುಮ್ಮೆನ್ನುತ್ತದೆ.

ನಮ್ಮ ಅಪ್ಪ ಹುನಗುಂದದಲ್ಲಿ ವಕೀಲರಾಗಿದ್ದರು. ಕೊಲೆ ಕೇಸುಗಳಲ್ಲಿ ಅವರ ಪಾಟೀಸವಾಲು ಕೇಳಲು ಬೇರೆ ವಕೀಲರೂ ಬಂದು ಕೂಡುತ್ತಿದ್ದರಂತೆ. ಮನೆಯಲ್ಲಿ ಮಾತ್ರ ಸಾರಿಗೆ ಉಪ್ಪು ಹೆಚ್ಚಾಗಿದೆ ಎಂಬ ವಾದವನ್ನು ಅವ್ವನೆದುರು ಒಮ್ಮೆಯೂ ಗೆದ್ದವರಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ನನ್ನ ಜಡೆ ಹೆಣೆಯಲು ಕೂಡುತ್ತಿದ್ದರು. ಅದಾದ ಮೇಲೆ ಪಡಸಾಲೆಯ ಬೆತ್ತದ ಕುರ್ಚಿಯನ್ನು ಎದುರಿಗೆ ಎಳೆದುಕೊಂಡು, ಅಂದಿನ ಸಾಕ್ಷಿ ಅದರಲ್ಲಿ ಕೂತಿದ್ದಾನೆಂದೇ ತಿಳಿದು ಪ್ರಶ್ನೆ ಕೇಳುತ್ತಿದ್ದರು. ಕೇಳಿ ಸುಮ್ಮನಾಗುತ್ತಿದ್ದರು. ಆಮೇಲೆ ತಲೆದೂಗುತ್ತಿದ್ದರು.

ಒಂದು ಬೆಳಿಗ್ಗೆ ಆ ಕುರ್ಚಿಯಲ್ಲಿ ಕೂತವಳು ಸತ್ತ ಹೆಂಗಸು.

ಇಳಕಲ್ಲಿನ ಮಗ್ಗದ ಕೆಲಸಗಾರನೊಬ್ಬ ಹೆಂಡತಿ ಶಾಂತವ್ವನನ್ನು ಕೊಂದು ಹೊಳೆಗೆ ಹಾಕಿದ್ದಾನೆ ಎಂಬುದು ಕೇಸು. ಅವನು ಹೆಂಡತಿಯನ್ನು ಹೊಡೆಯುತ್ತಿದ್ದುದು ಇಡೀ ಓಣಿಗೆ ಗೊತ್ತಿತ್ತು. ಮಲಪ್ರಭೆಯಲ್ಲಿ ತೇಲಿಬಂದ ಹೆಣಕ್ಕೆ ಗುರುತು ಸಿಗುವಂಥ ಮುಖ ಉಳಿದಿರಲಿಲ್ಲ. ಶಾಂತವ್ವನ ತಾಯಿ ನೋಡಿ, ತನ್ನ ಮಗಳೇ ಎಂದಿದ್ದಳು. ಹೂಳಿದ್ದೂ ಆಗಿತ್ತು. ಅಪ್ಪ ಗಂಡನ ಪರ ವಕೀಲರು. ಹಿಂದಿನ ದಿನ ಬಾಗಲಕೋಟೆಯ ಕೋರ್ಟಿನಲ್ಲಿ ಆ ತಾಯಿ ಅಳುತ್ತಾ ಹೇಳಿದ ಮಾತೊಂದು ಅವರನ್ನು ನಿದ್ದೆ ಮಾಡಗೊಟ್ಟಿರಲಿಲ್ಲ.

"ಶಾಂತವ್ವಾ," ಅಂದರು ಅಪ್ಪ, ಕುರ್ಚಿಗೆ. "ನನ್ನ ಮಗಳು ಬಿಸಿ ರೊಟ್ಟಿ ಇಲ್ದ ಉಣ್ಣಂಗಿಲ್ಲ ಅಂದ್ಲು ನಿಮ್ಮವ್ವ. ಉಣ್ತಿದ್ದಿಲ್ಲ ಅನ್ನಲಿಲ್ಲ. ಯಾಕ?"

ಅಂದು ಅಪ್ಪ ಅರ್ಧಕ್ಕೇ ಬಿಟ್ಟೆದ್ದ ಜಡೆಯಲ್ಲೇ ಬಾಗಿಲಲ್ಲಿ ನಿಂತಿದ್ದೆ. ಅಪ್ಪ ಬಹಳ ಹೊತ್ತು ಕಾದರು. ಕುರ್ಚಿ ಕಿರ್ರೆಂದಿತು. ಹಳೆಯ ಬೆತ್ತ ಹಾಗೆ ಸದ್ದು ಮಾಡುವುದುಂಟು ಎಂದು ಈಗಲೂ ನನಗೆ ನಾನೇ ಹೇಳಿಕೊಳ್ಳುತ್ತೇನೆ.

ನಾನೀಗ ಸಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಭೂತಕಾಲದ ಪಾಠ ಬಂದಾಗಲೆಲ್ಲ ತಡವರಿಸುತ್ತೇನೆ. ನಮ್ಮ ಭಾಷೆಯಲ್ಲಿ ಕಳೆದುಹೋದದ್ದೂ ಭೂತವೇ, ಬಿಟ್ಟುಹೋಗದೆ ಕಾಡುವುದೂ ಭೂತವೇ. ಹೀಗೆ ಹೆಸರಿಟ್ಟವರು ಯಾವುದೋ ಖಾಲಿ ಕುರ್ಚಿಯ ಎದುರು ಕೂತಿದ್ದವರೇ ಇರಬೇಕು.

ಅಂದು ಕೋರ್ಟಿನಲ್ಲಿ ಅಪ್ಪ ಆ ತಾಯಿಯನ್ನು ಗದರಿಸಲಿಲ್ಲವಂತೆ. ಮಗಳಿಗೆ ಏನೇನು ಸೇರುತ್ತದೆ ಎಂದು ಮೆತ್ತಗೆ ವಿಚಾರಿಸುತ್ತಾ ಹೋದರಂತೆ. ಮುದುಕಿ ಅಳು ಮರೆತು ಹೇಳುತ್ತಾ ಹೋದಳಂತೆ. ಮಧ್ಯಾಹ್ನವಾಗುತ್ತಾ ಬಂದಿತ್ತು.

"ಈ ಹೊತ್ತಿಗೆ ಆಕಿ ಉಂಡಿರ್ತಾಳೇನವ್ವಾ?"

"ಉಂಡಿರ್ತಾಳ್ರಿ."

ಅಂದ ಮೇಲೆ ತಾನು ಏನಂದೆನೆಂದು ಆಕೆಗೆ ಹೊಳೆಯಿತಂತೆ. ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಲ್ಲೇ ಕುಸಿದಳು.

ಶಾಂತವ್ವ ಕೆರೂರಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದಳು. ಹೊಡೆತ ತಾಳದೆ ಓಡಿಹೋದವಳು. ಸತ್ತಳೆಂದರೆ ಗಂಡ ಹುಡುಕುವುದಿಲ್ಲ ಎಂದು ತಾಯಿ ಯಾರದೋ ಹೆಣಕ್ಕೆ ಮಗಳ ಹೆಸರು ಕೊಟ್ಟಿದ್ದಳು. ಗಂಡ ಬಿಡುಗಡೆಯಾಗಿ ಅಪ್ಪನ ಕಾಲಿಗೆ ಬೀಳಲು ಬಂದ. ಅಪ್ಪ ಕಾಲು ಹಿಂದೆಗೆದುಕೊಂಡು, ತಾನು ಬಿಡಿಸಿದ್ದು ಕೊಲೆಯ ಕೇಸಿನಿಂದ ಮಾತ್ರ, ಕೆರೂರಿನ ದಾರಿ ಹಿಡಿದರೆ ಮುಂದಿನ ಕೇಸಿನಲ್ಲಿ ಶಾಂತವ್ವನ ವಕೀಲ ತಾನೇ ಎಂದರು. ಹಾಗೇ ಆಯಿತು. ಅವಳಿಗೆ ಗಂಡನಿಂದ ಸೋಡಚೀಟಿ, ಎಂದರೆ ವಿಚ್ಛೇದನ, ಕೊಡಿಸಿದರು. ತಾಯಿಗೆ ಹೆಚ್ಚಿನ ಶಿಕ್ಷೆಯಾಗದಂತೆ ತಾವೇ ನಿಂತು ಬೇಡಿಕೊಂಡರು.

ಮನೆಗೆ ಪೇಢೆ ಬಂತು. ಎಲ್ಲರೂ ತಿಂದೆವು. ಮರುದಿನ ಬೆಳಿಗ್ಗೆ ಅಪ್ಪ ಕುರ್ಚಿಯ ಎದುರು ಕೂತು ಒಂದೇ ಪ್ರಶ್ನೆ ಕೇಳಿದರು.

"ಹಂಗಾದ್ರ ನೀ ಯಾರವ್ವಾ?"

ಹೊಳೆಯಲ್ಲಿ ಬಂದವಳನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಬಾದಾಮಿ, ಚೊಳಚಗುಡ್ಡ, ಹೊಳೆಸಾಲಿನ ಊರುಗಳಲ್ಲೆಲ್ಲ ಅಪ್ಪ ವಿಚಾರಿಸಿದರು. ಕಾಣೆಯಾದ ಹೆಂಗಸು ಯಾವ ಮನೆಯಲ್ಲೂ ಇರಲಿಲ್ಲ. ಇದ್ದರೂ ಯಾರೂ ಬಾಯಿ ಬಿಡಲಿಲ್ಲ. ಮುಂದೆ ಎಷ್ಟೋ ಕೇಸು ಬಂದವು. ಪ್ರತಿ ಸಾಕ್ಷಿಯ ತಾಲೀಮು ಮುಗಿದ ಮೇಲೆ ಅಪ್ಪ ಕೊನೆಗೆ ಅವಳನ್ನು ಕೂಡಿಸಿ ಅದೇ ಮಾತು ಕೇಳುತ್ತಿದ್ದರು. ಉಳಿದವರಿಗೆ ತಲೆದೂಗುತ್ತಿದ್ದವರು, ಅವಳ ಸರದಿಯಲ್ಲಿ ಸುಮ್ಮನೆ ಎದ್ದು ಕೋಟು ಹಾಕಿಕೊಳ್ಳುತ್ತಿದ್ದರು.

ಹೋದ ವರ್ಷ ಅಪ್ಪ ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ಅವ್ವ ಗಂಜಿ ಕುಡಿಸುತ್ತಿದ್ದಳು, ನಾನು ಕಾಲು ಒತ್ತುತ್ತಿದ್ದೆ. ಅಪ್ಪ ನಮ್ಮಿಬ್ಬರನ್ನೂ ದಾಟಿ ನೋಡುತ್ತಿದ್ದರು. ತುಟಿ ಅಲುಗಿತು. ಆಮೇಲೆ, ನನಗೆ ತಿಳಿದಂತೆ ಮೊದಲ ಸಲ, ಹೊಳೆಯಲ್ಲಿ ಬಂದವಳಿಗಾಗಿ ತಲೆದೂಗಿದರು.

"ಆಕಿ ಹೆಸರು ಹೇಳಿದ್ಲು," ಅಂದರು.

ಅವ್ವನ ಕೈಯಲ್ಲಿ ಚಮಚ ನಿಂತಿತು. "ಏನಂತ್ರಿ?"

"ಯಾರಿಗೂ ಹೇಳಬ್ಯಾಡ್ರಿ ಅಂದಾಳ. ಕಕ್ಷಿಗಾರರ ಮಾತು ಹೊರಗ ಹಾಕಾಕ ಬರೂದಿಲ್ಲ."

ಇಷ್ಟು ವರ್ಷ ಸಂಸಾರ ಮಾಡಿದವಳಿಗೂ ಹೇಳಬಾರದೇ ಎಂದು ಅವ್ವ ಖರೇನೇ ಸಿಟ್ಟಾದಳು. ಅಪ್ಪ ನಕ್ಕರು. ಮರುದಿನ ಹೋಗಿಬಿಟ್ಟರು.

ಮಣ್ಣು ಕೊಟ್ಟು ಎಲ್ಲರೂ ಮರಳಿದ ಮೇಲೆ ಅವ್ವ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಳು. ಸಿಟ್ಟು ಇಳಿದಿತ್ತು.

"ಹೋಗ್ಲಿ ಬಿಡವಾ," ಅಂದಳು. "ಆಕಿ ಕಡೆಯವರು ಅಂತ ಯಾರೂ ಬರಲಿಲ್ಲ. ಈಗ ವಕೀಲರಾದ್ರೂ ಆಕಿ ಹತ್ರ ಹೋದ್ರು."