ಮೊಗೇರ ಸಾಹೇಬರ ತಂಬಿಗೆ

ಹೊಸ ರಸ್ತೆಯ ನಡುವೆ ಕುಕ್ಕುರುಗಾಲಲ್ಲಿ ಕೂತು, ಹಿತ್ತಾಳೆ ತಂಬಿಗೆಯಿಂದ ನೀರು ಸುರಿದು, ಅದು ಎತ್ತ ಹರಿಯುತ್ತದೆಂದು ನೋಡುವುದು ಮೊಗೇರ ಸಾಹೇಬರ ಪದ್ಧತಿ. ಅಳತೆಯ ಉಪಕರಣಗಳ ಕೆಲಸ ಮುಗಿದ ಮೇಲೂ ಜೀಪಿನಿಂದ ತಂಬಿಗೆ ಇಳಿಯಲೇಬೇಕು. "ನೀರು ಎಂತ ಹೇಳ್ತದೆ ಕೇಳುವಾ," ಎನ್ನುತ್ತಿದ್ದರು. ನೀರು ಒಪ್ಪದೆ ಅವರು ಸಹಿ ಹಾಕಿದ್ದನ್ನು ನಾನು ಕಂಡಿಲ್ಲ.

ಭಟ್ಕಳ ಬಂದರಿನ ಮೀನುಗಾರರ ಮನೆಯಿಂದ ಬಂದು ದೊಡ್ಡ ಸರಕಾರಿ ಎಂಜಿನಿಯರ್ ಆದವರು. ನಾನು ಅವರ ಕೈಕೆಳಗೆ ಓವರ್‌ಸಿಯರ್. ಬೆಳಿಗ್ಗೆ ಏಳಕ್ಕೆ ಸೈಟಿನಲ್ಲಿರಬೇಕು, ಬೂಟಿಗೆ ಕೆಸರು ಹತ್ತಿರಬೇಕು. ಹತ್ತದವನನ್ನು "ಎಂತ, ಮದುವೆಗೆ ಹೊರಟದ್ದಾ?" ಎಂದು ಕೇಳುತ್ತಿದ್ದರು. ಆ ಶಿಸ್ತು ನನಗೆ ಹಿಡಿಸಿತ್ತು.

ಕುಮಟೆಯಲ್ಲೊಂದು ಮೀನುಪೇಟೆ ಕಟ್ಟಿಸಿದಾಗ, ತಂಬಿಗೆಯ ನೀರು ಹೆಂಗಸರು ಬುಟ್ಟಿಯಿಟ್ಟು ಕೂರುವ ಕಡೆಗೆ ಹರಿಯಿತು. ನೆಲ ಒಡೆಯಲು ಹೇಳಿದರು.

"ನಾಡಿದ್ದು ಉದ್ಘಾಟನೆ ಅದೆ ಸಾಹೇಬ್ರೆ," ಎಂದ ಗುತ್ತಿಗೆದಾರ.

"ಉದ್ಘಾಟನೆಗೆ ಬಂದವರು ಕಾರು ಹತ್ತಿ ಹೋಗ್ತಾರೆ. ನೀರು ಇಲ್ಲೇ ಇರ್ತದೆ. ಒಡಿ."

ಹೊನ್ನಾವರದ ಒಂದು ಭಾಗಕ್ಕೆ ಅವರು ಚರಂಡಿ ಯೋಜನೆ ಮಾಡಿದರು. ಹೆದ್ದಾರಿಯ ಆಚೆ ಒಂದು ತಗ್ಗು ಇತ್ತು. ಮಳೆಗಾಲದಲ್ಲಿ ಸಮುದ್ರ ಉಕ್ಕಿದರೆ ಚರಂಡಿಯ ನೀರು ಹೊಳೆಗೆ ಇಳಿಯುವುದಿಲ್ಲ; ಇಳಿಯುವವರೆಗೆ ನಿಲ್ಲಲಿ ಎಂದು ಆ ತಗ್ಗನ್ನು ಖಾಲಿ ಬಿಡಿಸಿ, ನಾಲ್ಕೂ ಚರಂಡಿಗಳನ್ನು ಅಲ್ಲಿಗೇ ತಿರುಗಿಸಿದರು. ಅವರ ತಂಗಿ ಮಾದೇವಿ ಕೇಳಿದ್ದು ಅದೇ ಜಾಗ. ಅವಳ ಮನೆಯನ್ನು ಕಡಲು ಕೊರೆಯುತ್ತಿತ್ತು.

"ಊರಿಗೆಲ್ಲ ರಸ್ತೆ ಮಾಡಿದ ಅಣ್ಣ, ತಂಗಿಗೆ ನಾಲ್ಕು ಗೋಡೆ ಜಾಗ ಇಲ್ಯಾ?" ಎಂದು ಕಚೇರಿಯಲ್ಲೇ ಕೇಳಿದಳು.

"ಜಾಗ ಅದೆ. ಅದು ನೀರಿನದ್ದು."

ಮಾದೇವಿಯಂತೆ ಕೇಳುವವರು ಬಹಳ ಮಂದಿಯಿದ್ದರು, ಅವರ ಪರವಾಗಿ ಮೇಲಿನವರಿಂದ ಹೇಳಿಸುವವರೂ ಇದ್ದರು. ಸಾಹೇಬರಿಗೆ ವರ್ಗವಾಯಿತು. ಮುಂದೆ ತಗ್ಗಿನಲ್ಲಿ ಮನೆ ಸೈಟುಗಳು ಬಿದ್ದವು, ಮಾದೇವಿಯ ಮನೆಯೂ ಎದ್ದಿತು. ಗೃಹಪ್ರವೇಶಕ್ಕೆ ಬಂದ ಸಾಹೇಬರು ಅಂಗಳದಲ್ಲಿ ಕೂತು ತಂಬಿಗೆ ಬಗ್ಗಿಸಿದರು. ನೀರು ನೆಟ್ಟಗೆ ಹೊಸ್ತಿಲಿಗೆ ಹೋಯಿತು. ಹೆಂಗಸರು ಮುಖ ಮುಖ ನೋಡಿಕೊಂಡರು.

"ಸಾಹೇಬ್ರ ಪರೀಕ್ಷೆ ಆತಾ?" ಎಂದಳು ಮಾದೇವಿ. "ಆದರೆ ಊಟಕ್ಕೆ ಕೂತ್ಕಣಿ."

ಸಾಹೇಬರು ತಲೆ ಎತ್ತದೆ ಉಂಡರು. ಹೊರಡುವಾಗ, "ಮಳೆ ಬಂದಾಗ ನನ್ನ ಮನೆಗೆ ಬಾ," ಎಂದರು. ಅವಳು ಎಂದೂ ಹೋಗಲಿಲ್ಲ.

ಸಾಹೇಬರು ನಿವೃತ್ತರಾದ ಮೇಲಿನ ಒಂದು ಆಷಾಢದಲ್ಲಿ ಭಾರೀ ಮಳೆ, ಜೊತೆಗೆ ಕಡಲಿನ ಉಬ್ಬರ. ಊರಿನ ನೀರೆಲ್ಲ ತಗ್ಗಿಗೆ ನುಗ್ಗಿತು. ಮಾದೇವಿಯ ಮಗಳು ಮೀನು ಮಾರಲು ಹೋಗಿದ್ದಳು. ಸೊಂಟ ಮುರಿದು ಹಾಸಿಗೆ ಹಿಡಿದಿದ್ದ ಮಾದೇವಿ ಒಳಗೆ ಒಬ್ಬಳೇ. ಹೆಣವನ್ನು ದೋಣಿಯಲ್ಲಿ ತಂದರು.

ನೀರಿಳಿದ ಅಂಗಳದಲ್ಲಿ ಸಾಹೇಬರು ನಿಂತಿದ್ದರು. "ನಾಲ್ಕೂ ಚರಂಡಿ ತಂದು ಇಲ್ಲಿಗೆ ಬಿಟ್ಟದ್ದು ನಾನೇ ಮಾರಾಯ."

"ಖಾಲಿ ಇದ್ದಾಗ ಬಿಟ್ಟದ್ದು ಸರ್. ಮನೆ ಬೇಡ ಅಂತಲೂ ಹೇಳಿದ್ರಿ," ಎಂದೆ.

"ನೀರಿಗೆ ಅದೆಲ್ಲ ಎಲ್ಲಿ ಗೊತ್ತು?"

ಅವರು ತೀರಿಕೊಳ್ಳುವ ಮುಂಚಿನ ಬೇಸಗೆಯಲ್ಲಿ ಭಟ್ಕಳಕ್ಕೆ ಹೋಗಿದ್ದೆ. ಮನೆಯೆದುರು ಆಗತಾನೇ ಹೊಸ ಕಾಂಕ್ರೀಟು ರಸ್ತೆಯಾಗಿತ್ತು. ಅದರ ಅಂಚಿನಲ್ಲಿ, ಮೊದಲಿನಂತೆ ಕುಕ್ಕುರುಗಾಲಲ್ಲಿ ಕೂತರು. ನಾನು ಒಳಗೆ ಹೋಗಿ ಅದೇ ಹಿತ್ತಾಳೆ ತಂಬಿಗೆ ತುಂಬಿ ತಂದು ಕೈಗೆ ಕೊಟ್ಟೆ.

ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದರು. ಆಮೇಲೆ ಎತ್ತಿ, ಒಂದು ಹನಿಯೂ ರಸ್ತೆಗೆ ಬೀಳದಂತೆ ಅಷ್ಟನ್ನೂ ಕುಡಿದರು.