ರುಚಿ ನೋಡದ ಉಪ್ಪು

ಬನಶಂಕರಿಯ ಅಷ್ಟಮಿಯನ್ನು ನಾನು ಹಿಡಿದದ್ದು ಹದಿನಾಲ್ಕನೆಯ ವಯಸ್ಸಿನಲ್ಲಿ, ಮುಧೋಳದ ತವರುಮನೆಯಲ್ಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಈ ಉಪವಾಸ ಯಾರದೆಂಬ ಪ್ರಶ್ನೆ ಎದ್ದಾಗ, ಉತ್ತರ ಗೊತ್ತಿದ್ದವರೂ ಗೊತ್ತಿಲ್ಲದವರಂತೆ ಕುಳಿತಿದ್ದರು. ಗಂಡನನ್ನು ಕಾಣುವ ಮೊದಲೇ ಅದು ನನ್ನದಾಗಿತ್ತು. ರಬಕವಿಯ ಮನೆಗೆ ಸೊಸೆಯಾಗಿ ಬಂದಾಗ ನಾನು ಅದನ್ನೂ ಜೊತೆಗೆ ತಂದೆ. ಅಲ್ಲಿ ಅತ್ತೆಯವರೂ ಅದೇ ಅಷ್ಟಮಿಯನ್ನು ನಡೆಸುತ್ತಿದ್ದರು. ಅವರ ಕಣ್ಣು ಮಂಜಾದ ಮೇಲೆ ಆ ದಿನದ ಅಡುಗೆ ನನ್ನ ಕೈಗೆ ಬಂತು.

ನಿಯಮ ಕಠಿಣವಾದದ್ದೇನಲ್ಲ, ಆದರೆ ಸಡಿಲವೂ ಅಲ್ಲ. ಪ್ರತಿ ತಿಂಗಳ ಶುಕ್ಲ ಅಷ್ಟಮಿಯಂದು ಹಗಲೆಲ್ಲ ಉಪವಾಸ. ಅದೇ ದಿನ ಕೊಂಡುತಂದ ಐದು ಬಗೆಯ ಕಾಯಿಪಲ್ಲೆ ಬೇಯಿಸಿ, ದೀಪ ಹಚ್ಚುವ ಹೊತ್ತಿಗೆ ದೇವಿಗೆ ಎಡೆ ತೋರಿಸಬೇಕು. ದೇವಿಗಿಂತ ಮೊದಲು ಯಾರೂ ರುಚಿ ನೋಡಕೂಡದು. ನೋಡಿದರೆ ಅದು ಎಂಜಲು. ಆದ್ದರಿಂದ ಉಪ್ಪನ್ನು ಅಂಗೈಯ ಅಂದಾಜಿನಲ್ಲೇ ಹಾಕಬೇಕು. ಹನ್ನೊಂದು ವರ್ಷ ಹಾಕಿದೆ. ಹೆಚ್ಚಾಯಿತೆಂದವರಿಲ್ಲ, ಕಡಿಮೆಯಾಯಿತೆಂದವರಿಲ್ಲ. ಚೆನ್ನಾಗಿದೆಯೆಂದು ಒಂದು ಮಾತು ಹೇಳಿದವರೂ ಇಲ್ಲ. ಅದನ್ನು ನಾನು ಮರೆತಿಲ್ಲ.

ನನ್ನ ಯಜಮಾನರು ಕಾಮಾಲೆಯಿಂದ ತೀರಿಕೊಂಡರು. ಹದಿಮೂರನೆಯ ದಿನದ ಊಟದ ಎಲೆಗಳನ್ನು ಇನ್ನೂ ಎತ್ತಿರಲಿಲ್ಲ. ನನ್ನ ಹಿರಿಯ ನೆಗೆಣ್ಣಿ, ಅಂದರೆ ಭಾವನವರ ಹೆಂಡತಿ, ಬಚ್ಚಲ ಬಾಗಿಲಲ್ಲಿ ನನ್ನನ್ನು ತಡೆದು ನಿಲ್ಲಿಸಿದಳು. ಅವಳ ಸೊಂಟದ ಮೇಲಿದ್ದದ್ದು ನನ್ನ ತವರಿನವರು ಕೊಟ್ಟ ತಾಮ್ರದ ಕೊಡ.

"ಇನ್ನ ಮ್ಯಾಲೆ ಅಷ್ಟಮಿ ನಾ ಹಿಡೀತೀನಿ. ನೀ ದೇವರ ಖೋಲಿಗೆ ಬರಬ್ಯಾಡ."

"ಯಾಕ್ರಿ ಅಕ್ಕಾರ?"

"ಯಾಕ ಅಂದ್ರ? ಇನ್ನ ಯಾರ ಆಯುಷ್ಯ ಬೇಡಾಕ ಉಪಾಸ ಮಾಡ್ತಿ?"

ಅತ್ತೆಯವರು ಪಕ್ಕದಲ್ಲೇ ಇದ್ದರು. ಮಂಜಾಗಿದ್ದುದು ಅವರ ಕಣ್ಣು, ಕಿವಿಯಲ್ಲ. ಗೋಡೆ ಹಿಡಿದುಕೊಂಡು ಒಳಗೆ ನಡೆದರು.

ತಿಂಗಳು ಕಳೆದ ಮೇಲೆ ನಾನು ತೇರದಾಳದ ಶಾಲೆಗೆ ಮತ್ತೆ ಪಾಠ ಹೇಳಲು ಹೋದೆ. ಆ ತಿಂಗಳ ಅಷ್ಟಮಿಯಂದು ಯಾರಿಗೂ ಹೇಳದೆ ಉಪವಾಸವಿದ್ದೆ. ಸಂಜೆ ಬಸ್ಸಿನಿಂದಿಳಿದು ಹೀರೇಕಾಯಿ, ಚವಳಿಕಾಯಿ, ಬದನೆಕಾಯಿ, ಮೆಂತೆಪಲ್ಲೆ, ಒಂದು ಹೋಳು ಕುಂಬಳಕಾಯಿ ಕೊಂಡು ಕೈಚೀಲಕ್ಕೆ ಹಾಕಿಕೊಂಡೆ. ದೇವರ ಖೋಲಿ ಅವರದಾದರೆ ಆಗಲಿ. ನನ್ನ ಖೋಲಿಯಲ್ಲಿ ಒಂದು ಸ್ಟೋವ್ ಇತ್ತು, ಗೋಡೆಯ ಮೇಲೆ ದೇವಿಯ ಪಟವಿತ್ತು.

ಪಡಸಾಲೆಗೆ ಬಂದು ಚಪ್ಪಲಿ ಬಿಡುವಾಗ ಅಡುಗೆಮನೆಯ ಒಳಗು ಕಂಡಿತು. ನೆಗೆಣ್ಣಿ ಒಲೆಯ ಮುಂದಿದ್ದಳು. ಪಲ್ಯಕ್ಕೆ ಉಪ್ಪು ಹಾಕಿದಳು, ತಡೆದಳು, ಇನ್ನೊಂದು ಚಿಟಿಕೆ ಹಾಕಿದಳು. ಸೌಟಿನಿಂದ ಒಂದು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿದಳು. ತಲೆಯೆತ್ತಿದಾಗ ಎದುರಿಗೆ ನಾನಿದ್ದೆ.

"ಆತೇನಬೇ?" ದೇವರ ಖೋಲಿಯಿಂದ ಅತ್ತೆಯವರ ದನಿ. "ದೀಪಾ ಹಚ್ಚೂ ಹೊತ್ತಾತು."

"ಆತ್ರಿ, ತರ್ತೀನಿ," ಎಂದಳು ನೆಗೆಣ್ಣಿ.

"ಆ ಎಡಿ ನಡಿಯೂದಿಲ್ರಿ, ಅತ್ತಿ," ಎಂದೆ. "ಅಕ್ಕಾರು ರುಚಿ ನೋಡ್ಯಾರ."

"ಇಕಿ ಸಾಲ್ಯಾಗ ಹುಡುಗೂರ್ನ ಕಾಯೂದು ಸಾಲದಂತ ಮನ್ಯಾಗ ನನ್ನ ಕಾಯಾಕತ್ತಾಳ," ಎಂದಳು ನೆಗೆಣ್ಣಿ. ಆಮೇಲೆ ದನಿ ಇಳಿಯಿತು. "ಉಪ್ಪು ತಿಳೀಲಿಲ್ರಿ. ಒಂದ ಹನಿ ಅಷ್ಟ."

"ಹನಿ ಆದ್ರೂ ಎಂಜಲ, ಹಂಡೆ ಆದ್ರೂ ಎಂಜಲ," ಎಂದರು ಅತ್ತೆ. "ಬ್ಯಾರೆ ಕಾಯಿಪಲ್ಲೆ ಐತೇನು?"

ಇರಲಿಲ್ಲ. ನಾನು ಕೊಳ್ಳುವಾಗಲೇ ಪೇಟೆಯವರು ಬುಟ್ಟಿ ಎತ್ತುತ್ತಿದ್ದರು. ನಾನು ಕೈಚೀಲವನ್ನು ಹೊಸ್ತಿಲ ಮೇಲೆ ಇಟ್ಟೆ.

"ಇದರಾಗ ಐದೂ ಬಗಿ ಅದಾವ್ರಿ."

ನೆಗೆಣ್ಣಿ ಕೈ ಚಾಚಿದಳು. ನಾನು ಚೀಲದ ಹಿಡಿಕೆ ಬಿಡಲಿಲ್ಲ.

"ಬರೇ ಕಾಯಿಪಲ್ಲೆ ಕೊಡೂದಿಲ್ಲ. ಅಡಿಗಿ ನಂದು. ಎಡಿ ತೋರಸಾಕಿನೂ ನಾನ."

"ಗಂಡ ಸತ್ತಾಕಿ ದೇವರ ಖೋಲ್ಯಾಗ ಕಾಲಿಡತಾಳಂತ. ಕೇಳಿದ್ರೇನ್ರಿ ಅತ್ತಿ?"

"ಮಾವನವರು ಹೋಗಿ ಎಂಟ ವರ್ಷ ಆತು," ಎಂದೆ. "ಅತ್ತಿಯವರು ಈಗ ಯಾವ ಖೋಲ್ಯಾಗ ಕುಂತಾರ, ಅಕ್ಕಾರ?"

ಆ ಮಾತನ್ನು ಹಿಂತೆಗೆದುಕೊಳ್ಳಲು ನನಗೆ ಸಾಕಷ್ಟು ಸಮಯವಿತ್ತು. ತೆಗೆದುಕೊಳ್ಳಲಿಲ್ಲ.

"ಒಲಿ ಆರತೈತಿ," ಎಂದರು ಅತ್ತೆ. "ಲಗೂನ ಹೆಚ್ಚು."

ಮಿಂದು ಬಂದು ಹೆಚ್ಚಿದೆ, ಬೇಯಿಸಿದೆ, ಅಂಗೈಯಲ್ಲಿ ತೂಗಿ ಉಪ್ಪು ಹಾಕಿದೆ. ಎಡೆಯನ್ನು ಎರಡೂ ಕೈಯಲ್ಲಿ ಹಿಡಿದು ಹೊಸ್ತಿಲು ದಾಟಿದೆ. ಎಡೆ ತೋರಿಸುವಾಗ ಮನಸ್ಸಿನಲ್ಲೇ ಬೇಡಿಕೊಳ್ಳುವುದು ಆ ಮನೆಯ ರೂಢಿ. ನಾನು ಬಾಯಿಬಿಟ್ಟು, ಅಡುಗೆಮನೆಗೆ ಕೇಳುವಂತೆ ಬೇಡಿದೆ: "ತಾಯಿ, ನನಗ ಆಯುಷ್ಯ ಕೊಡು."

ಊಟದಲ್ಲಿ ಯಾರೂ ಉಪ್ಪು ಕೇಳಲಿಲ್ಲ. ನೆಗೆಣ್ಣಿ ಎರಡು ಸಲ ಪಲ್ಯ ಬಡಿಸಿಕೊಂಡಳು. ಕೊನೆಗೆ ಅತ್ತೆಯವರು ತಟ್ಟೆಯಿಂದ ಎಲೆ-ಅಡಿಕೆ ತೆಗೆದು ಅವಳಿಗೆ ಕೊಟ್ಟರು. ನನ್ನ ಕಡೆ ಕೈ ಚಾಚಲಿಲ್ಲ. ಕಣ್ಣು ಕಾಣದೆ ಹಾಗಾಯಿತೆಂದು ಆಮೇಲೆ ಯಾರೋ ಸಮಾಧಾನ ಹೇಳಿದರು. ನಾನು ಅವರಿಂದ ಒಂದು ಮೊಳ ದೂರದಲ್ಲಿ ಕುಳಿತಿದ್ದೆ.

ತಟ್ಟೆಯನ್ನು ನನ್ನೆಡೆಗೆ ಎಳೆದುಕೊಂಡು ಎರಡು ಎಲೆ, ಒಂದು ಅಡಿಕೆ ತೆಗೆದುಕೊಂಡೆ. ಮುಂದಿನ ಅಷ್ಟಮಿಗೂ ಹಾಗೆಯೇ ಮಾಡಿದೆ.