ಅಜ್ಜ ಕ್ಯಾಂಪಿಗೆ ಬಂದ ಚಳಿಗಾಲ

ಆಗೆಲ್ಲ ನಮ್ಮ ಮನೆಗೆ ಕಾಂಪೌಂಡು ಗೋಡೆ ಇರಲಿಲ್ಲ. ಆ ಬೀದಿಯ ಯಾವ ಮನೆಗೂ ಇರಲಿಲ್ಲ. ಒಬ್ಬರ ಹುಲ್ಲುಹಾಸು ಎಲ್ಲಿ ಮುಗಿಯಿತು, ಪಕ್ಕದವರದ್ದು ಎಲ್ಲಿ ಶುರುವಾಯಿತು ಎಂದು ಸೈಕಲ್ ಓಡಿಸುವ ಮಕ್ಕಳಿಗೆ ತಿಳಿಯುತ್ತಲೇ ಇರಲಿಲ್ಲ. ಗೋಡೆ ಇದ್ದದ್ದು ಒಂದೇ, ಇಡೀ ಕ್ಯಾಂಪಿನ ಸುತ್ತ. ಅದರ ಮೇಲೆ ಮುಳ್ಳುತಂತಿ, ಅದರಾಚೆ ಮರಳು.

ಅರಬರ ದೇಶದಲ್ಲಿ, ದಹ್ರಾನ್‌ನಿಂದ ಅಬ್ಕೈಕ್ ಕಡೆಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಆ ಎಣ್ಣೆ ಕಂಪನಿಯ ಕ್ಯಾಂಪು ಸಿಗುತ್ತಿತ್ತು. ಮೊದಲು ಬಂದ ಅಮೆರಿಕನ್ನರು ಅದನ್ನು ತಮ್ಮ ದೇಶದ ಶ್ರೀಮಂತ ಬಡಾವಣೆಯ ಹಾಗೆಯೇ ಕಟ್ಟಿಕೊಂಡಿದ್ದರು. ತಗ್ಗು ಮಾಡಿನ ಮನೆಗಳು, ಈಜುಕೊಳ, ಲೈಬ್ರರಿ, ಬೇಸ್‌ಬಾಲ್ ಮೈದಾನ. ಬೀದಿಗಳಿಗೆ ಅವರ ಊರಿನ ಮರಗಳ ಹೆಸರು. ಆ ಮರಗಳಲ್ಲಿ ಒಂದೂ ಅಲ್ಲಿ ಬೆಳೆಯುತ್ತಿರಲಿಲ್ಲ. ಆ ದೇಶದ ಕಾನೂನಿನಿಂದಾಗಿ ಗೇಟಿನ ಹೊರಗೆ ಕಾರು ಓಡಿಸಲಾಗದ ಹೆಂಗಸರು ಒಳಗೆ ತಾವೇ ಕಾರು ಓಡಿಸಿಕೊಂಡು ತರಕಾರಿಗೆ ಹೋಗುತ್ತಿದ್ದರು. ಸಂಜೆ ಹುಲ್ಲಿಗೆ ನೀರು ಚಿಮ್ಮುವಾಗ ಏಳುವ ಹಸಿ ವಾಸನೆ, ಶುಕ್ರವಾರ ಪಕ್ಕದ ಹಿತ್ತಲಲ್ಲಿ ಮಾಂಸ ಸುಡುವ ಹೊಗೆ. ನಡುವೆ ಗಾಳಿ ತಿರುಗಿದರೆ ಎಣ್ಣೆ ಶುದ್ಧಿ ಮಾಡುವ ಪ್ಲಾಂಟಿನ ಕಡೆಯಿಂದ ಕೊಳೆತ ಮೊಟ್ಟೆಯಂಥ ನಾತ. ಆಗ ಅಮ್ಮ, “ಪ್ಲಾಂಟಿನ ಗಾಳಿ ಬಂತು, ಕಿಟಕಿ ಹಾಕು” ಎನ್ನುತ್ತಿದ್ದಳು.

ಅಪ್ಪ ಟೆಕ್ನಿಷಿಯನ್ ಆಗಿ ಬಂದವನು. ನಾವು ಹತ್ತಿರದ ಖೋಬರ್ ಪೇಟೆಯಲ್ಲಿ ಒಂದು ಕಿರಾಣಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿದ್ದೆವು. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅವನಿಗೆ ಬಡ್ತಿ ಸಿಕ್ಕಿ, ಕ್ಯಾಂಪಿನೊಳಗೆ ಮನೆ ಕೊಟ್ಟರು. ಅಲ್ಲಿಗೆ ಬಂದ ಮೇಲೆ ಅಪ್ಪನ ಕಿವಿ ಸೂಕ್ಷ್ಮವಾಯಿತು. “ಮೆಲ್ಲ ಮಾತಾಡಿ.” “ಬಟ್ಟೆ ಹೊರಗೆ ಒಣ ಹಾಕ್ಬೇಡ ಮಾರಾಯ್ತಿ.” ಅಮ್ಮ ಬಂಗುಡೆ ಹುರಿಯಬೇಕಾದರೆ ಕಿಟಕಿಗಳನ್ನೆಲ್ಲ ಮುಚ್ಚಿ, ಹೊಗೆಯಲ್ಲಿ ಕಣ್ಣು ಒರೆಸಿಕೊಂಡು ಹುರಿಯುತ್ತಿದ್ದಳು. ಅದನ್ನು ತಿನ್ನುವಾಗ ನನಗೂ ಏನೋ ಕದ್ದು ತಿಂದ ಹಾಗೆ ಅನಿಸುತ್ತಿತ್ತು.

ಮರುವರ್ಷದ ಚಳಿಗಾಲದಲ್ಲಿ ಅಜ್ಜ ವಿಸಿಟ್ ವೀಸಾದಲ್ಲಿ ಉಡುಪಿಯಿಂದ ಬಂದರು. ಅಜ್ಜನಿಗೆ ಆ ಕ್ಯಾಂಪು ಹೊಸದಲ್ಲ. ಪ್ರಾಯದಲ್ಲಿ ಅವರು ಅಲ್ಲೇ, ಒಬ್ಬ ಅಮೆರಿಕನ್ ಸಾಹೇಬರ ಮನೆಯಲ್ಲಿ ಅಡುಗೆಗೆ ಮತ್ತು ಮೇಜಿಗೆ ಬಡಿಸಲಿಕ್ಕೆ ಇದ್ದವರು. ಅಪ್ಪ ಮಾತ್ರ ನೆರೆಯವರಲ್ಲಿ, “ನಮ್ಮ ಅಪ್ಪನೂ ಹಿಂದೆ ಇದೇ ಕಂಪನಿ ಕಡೆ ಇದ್ದವರು” ಎಂದಷ್ಟೇ ಹೇಳಿ ಮಾತು ತಿರುಗಿಸುತ್ತಿದ್ದ.

ವಾಕಿಂಗ್ ಹೋದರೆ ಅಜ್ಜ ಕಾಲುದಾರಿ ಬಿಟ್ಟು ಡಾಂಬರಿನ ಅಂಚಿನಲ್ಲಿ ನಡೆಯುತ್ತಿದ್ದರು. ಎದುರಿಗೆ ಬಿಳಿಯರು ಯಾರಾದರೂ ಬಂದರೆ ಬೇಗ ಆಚೆ ಬದಿಗೆ ದಾಟುವರು. ಒಂದು ಸಂಜೆ ಕಣಗಿಲೆ ಬೇಲಿಯ ಮೂಲೆಮನೆಯೊಂದರ ಎದುರು ನಿಂತುಬಿಟ್ಟರು.

“ಇದೇ ಮನೆ ಮಗಾ. ನಾನು ಇದ್ದದ್ದು.”

“ಇಷ್ಟು ದೊಡ್ಡ ಮನೆಯಲ್ಲಿಯಾ?”

“ಅಡುಗೆಕೋಣೆಯಲ್ಲಿ. ಕತ್ತಲೆ ಆಗುವಾಗ ಬಸ್ಸು ಬರ್ತಿತ್ತು, ನಮ್ಮನ್ನೆಲ್ಲ ಕ್ಯಾಂಪಿನ ಬೇಲಿಯಾಚೆ ಬಿಡ್ಲಿಕ್ಕೆ. ಅಲ್ಲಿ ತಗಡಿನ ಶೆಡ್ಡು. ಮಲಯಾಳಿಗಳಿದ್ರು, ಗೋವೆಯವರಿದ್ರು. ಬೇಸಗೆಯಲ್ಲಿ ಚಾಪೆ ಒದ್ದೆ ಮಾಡಿ ಅದರ ಮೇಲೆ ಮಲಗುವುದು.” ಕೈಯಿಂದ ಅಳತೆ ತೋರಿಸಿ ನಕ್ಕರು. “ಸಾಹೇಬರ ಸಣ್ಣ ಮಗು ಇಷ್ಟೇ ಇತ್ತು. ನನ್ನ ಬೆರಳು ಹಿಡಿದೇ ನಡೀಲಿಕ್ಕೆ ಕಲಿತದ್ದು.”

ಅದೇ ತಿಂಗಳು ನಮ್ಮ ಶಾಲೆಯಲ್ಲಿ ಕ್ಯಾಂಪಿನ ಹುಟ್ಟುಹಬ್ಬದ ನಾಟಕ ಶುರುವಾಯಿತು. ಮಾಡಿಸುತ್ತಿದ್ದವರು ಮಿಸ್ ಲಿಂಡಾ. ಅವರು ಕ್ಯಾಂಪಿನಲ್ಲೇ ಹುಟ್ಟಿದ ಅಮೆರಿಕನ್ ಹೆಂಗಸು. ಹೆಗಲ ಮೇಲೆ ಕೈಯಿಟ್ಟು ಪ್ರೀತಿಯಿಂದ ಮಾತಾಡಿಸುವವರು. ನಾಟಕದಲ್ಲಿ ಆ ಕ್ಯಾಂಪಿನ ಚರಿತ್ರೆ ಇತ್ತು. ಮರಳಿನಲ್ಲಿ ಎಣ್ಣೆ ಹುಡುಕಿದ ಎಂಜಿನಿಯರು, ದಾರಿ ತೋರಿಸಿದ ಮರುಭೂಮಿಯ ಅಲೆಮಾರಿ ಬೆಡುವಿನ್, ಮೊದಲ ಗಿಡ ನೆಟ್ಟ ಎಂಜಿನಿಯರನ ಹೆಂಡತಿ. ಹೆಂಡತಿಯ ಪಾರ್ಟು ಪಕ್ಕದ ಮನೆಯ ಕೇಟಿಗೆ ಸಿಕ್ಕಿತು. ನನಗೆ ಸಿಕ್ಕಿದ್ದು ಅವರ ಮನೆಯ ‘ಬಾಯ್’, ಅಂದರೆ ಕೆಲಸದವನ ಪಾರ್ಟು. ಮೀಸೆ ಬರೆಸಿಕೊಂಡು ಟ್ರೇಯಲ್ಲಿ ಪಾನಕ ತರಬೇಕು. ನನಗೆ ಹಿಡಿಸಲಾರದಷ್ಟು ಖುಷಿ. ಸ್ಟೇಜಿನ ಮೇಲೆ ಟ್ರೇ ಹಿಡಿಯುವವಳು ನಾನೊಬ್ಬಳೇ.

ಮನೆಗೆ ಬಂದು ಹೇಳಿದೆ. ಅಪ್ಪ, “ಒಳ್ಳೆದಾಯ್ತು, ನಾಲ್ಕು ಜನ ನೋಡ್ತಾರೆ” ಎಂದ. ಅಜ್ಜ ಕುರ್ಚಿಯಿಂದ ಎದ್ದೇಬಿಟ್ಟರು.

“ಅದು ನನ್ನ ಪಾರ್ಟಲ್ವಾ! ಬಾ ಇಲ್ಲಿ.”

ಆಮೇಲೆ ಪ್ರತಿ ಸಂಜೆ ಹುಲ್ಲಿನ ಮೇಲೆ ನಮ್ಮ ಅಭ್ಯಾಸ. ಸ್ಟೀಲಿನ ಹರಿವಾಣದಲ್ಲಿ ನೀರು ತುಂಬಿದ ಲೋಟಗಳು. “ಲೋಟ ನೋಡ್ಬೇಡ. ಯಾರಿಗೆ ಕೊಡ್ತಿಯೋ ಅವರನ್ನು ನೋಡು. ಲೋಟ ಅದರಷ್ಟಕ್ಕೆ ನಿಲ್ತದೆ.” ಬಾಗಿದ ಬೆನ್ನಿನ ಅಜ್ಜ ಹರಿವಾಣ ಅಂಗೈ ಮೇಲೇರಿಸಿದ ಕೂಡಲೇ ಬೇರೆಯೇ ಮನುಷ್ಯ. ಬೆನ್ನು ನೆಟ್ಟಗೆ, ಗಲ್ಲ ಮೇಲೆ. ಹುಲ್ಲಿನ ಮೇಲೆ ಸದ್ದಿಲ್ಲದೆ ತೇಲಿ ಬಂದು, ಅಮ್ಮನ ಎದುರು ನಿಂತು, “ಪ್ಲೀಸ್, ಮೇಡಂ” ಎನ್ನುವರು. ಅಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಳ್ಳುವಳು. ಅಪ್ಪ ಕಿಟಕಿಯ ಪರದೆ ಸರಿಸಿ ಬೀದಿಯ ಆಚೆ ಈಚೆ ನೋಡುತ್ತಿದ್ದ.

ನಾಟಕದ ಹಿಂದಿನ ದಿನ ಮಿಸ್ ಲಿಂಡಾ ನನ್ನ ನಡಿಗೆ ನೋಡಿ ಚಪ್ಪಾಳೆ ತಟ್ಟಿದರು. “ಎಷ್ಟು ಚಂದ, ಅನೀಟಾ! ಈಗ ಇಲ್ಲಿ ನೀನು ಎಡವಿ ಟ್ರೇ ಬೀಳಿಸಬೇಕು.”

“ಯಾಕೆ ಮಿಸ್?”

“ಜನ ನಗಬೇಕಲ್ಲ! ಆಗಿನ ಬಾಯ್‌ಗಳು ದಿನಾ ಏನಾದರೂ ಒಡೆಯುತ್ತಿದ್ದರಂತೆ. ನನ್ನಮ್ಮ ಹೇಳಿ ಹೇಳಿ ನಗುತ್ತಿದ್ದಳು.”

ಅಂದು ಕಾರಿನಲ್ಲಿ ಬರುವಾಗ ಅಪ್ಪನಿಗೆ ಹೇಳಿದೆ. “ಬೀಳಿಸ್ಬೇಕಂತೆ ಅಪ್ಪಾ. ಅಜ್ಜ ಬೀಳಿಸಬಾರದು ಅಂತ ಅಷ್ಟು ಕಲಿಸಿದ್ದಾರೆ.”

ಅಪ್ಪ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. “ಮಿಸ್ ಹೇಳಿದ ಹಾಗೆ ಮಾಡು. ಅಜ್ಜನ ಹತ್ರ ಎಂತದೂ ಹೇಳ್ಲಿಕ್ಕೆ ಹೋಗ್ಬೇಡ. ನಾಟಕ ಅಲ್ವಾ ಅದು.”

ಮರುದಿನ ಹಾಲ್ ತುಂಬಿತ್ತು. ಅಜ್ಜನ ಪಂಚೆ ಬೇಡವೆಂದು ಅಪ್ಪ ತನ್ನ ಪ್ಯಾಂಟು ತೊಡಿಸಿದ್ದ. ಅದು ಸೊಂಟದಲ್ಲಿ ನಿಲ್ಲದೆ ಅವರು ಆಗಾಗ ಮೇಲೆಳೆದುಕೊಳ್ಳುತ್ತಿದ್ದರು. ಅವರ ಪಕ್ಕ ಅಪ್ಪ, ಅಪ್ಪನ ಪಕ್ಕ ಅವನ ಬಾಸ್. ನಾನು ಟ್ರೇ ಹಿಡಿದು ಬಂದೆ. ಅಜ್ಜ ಕಲಿಸಿದಂತೆಯೇ ಬಂದೆ. ಕತ್ತಲಲ್ಲೂ ಅವರ ಮುಖ ಅರಳಿದ್ದು ಕಂಡಿತು. ನಡುಸ್ಟೇಜಿಗೆ ಬಂದು ಎಡವಿದೆ. ಲೋಟಗಳು ಉರುಳಿದವು. ಕೇಟಿ ಹಣೆಗೆ ಕೈ ಹಚ್ಚಿ, “ಅಯ್ಯೋ ಬಾಯ್, ಮತ್ತೆ ಬೀಳಿಸಿದೆಯಾ!” ಎಂದಳು.

ಹಾಲ್ ಇಡೀ ನಕ್ಕಿತು. ಅಪ್ಪ ತಲೆ ಹಿಂದಕ್ಕೆ ಚೆಲ್ಲಿ ನಕ್ಕ; ನಗುತ್ತಲೇ ಬಾಸ್‌ನ ಮುಖ ನೋಡಿದ. ಅಜ್ಜ ಮಾತ್ರ ನಗಲಿಲ್ಲ. ಗಾಬರಿಯಿಂದ ಅರ್ಧ ಎದ್ದು, ಎರಡೂ ಕೈ ಮುಂದೆ ಚಾಚಿ, ಓಡಿ ಬಂದು ಲೋಟಗಳನ್ನು ಹೆಕ್ಕುವವರ ಹಾಗೆ ಬಾಗಿದ್ದರು. ಅಪ್ಪ ಅವರ ತೋಳು ಹಿಡಿದು ಜಗ್ಗಿ ಕೂರಿಸಿದ.

ಆಟ ಮುಗಿದ ಮೇಲೆ ಹೊರಗೆ ಹುಲ್ಲಿನ ಮೇಲೆ ಕೇಕು, ನಿಂಬೆ ಪಾನಕ. ಮಿಸ್ ಲಿಂಡಾ ಅಜ್ಜನ ಕೈ ಕುಲುಕಿ, “ನಿಮ್ಮ ಮೊಮ್ಮಗಳೇ ಎಲ್ಲರಿಗಿಂತ ಚೆನ್ನಾಗಿ ಮಾಡಿದಳು” ಎಂದರು. “ನನ್ನ ತಂದೆ ಬರುವಾಗ ಇಲ್ಲಿ ಏನೂ ಇರಲಿಲ್ಲ, ಗೊತ್ತಾ? ಬರೀ ಮರಳು.”

ಅಜ್ಜ ತಮ್ಮ ಹಳೆಯ ಇಂಗ್ಲಿಷಿನಲ್ಲಿ, “ಯೆಸ್ ಮೇಡಂ. ಐ ನೋ. ಐ ವರ್ಕ್ ಹಿಯರ್, ದಟ್ ಕಾರ್ನರ್ ಹೌಸ್...” ಎಂದು ಕೈ ಎತ್ತಿ ತೋರಿಸಹೊರಟರು.

“ಅಪ್ಪನಿಗೆ ಇಂಗ್ಲಿಷ್ ಅಷ್ಟು ಬರುವುದಿಲ್ಲ” ಎಂದು ಅಪ್ಪ ನಡುವೆ ಬಂದ. “ಕೇಕು ತುಂಬ ಚೆನ್ನಾಗಿದೆ, ಮಿಸ್ ಲಿಂಡಾ.”

ಅಜ್ಜನ ಕೈ ಹಾಗೆಯೇ ಕೆಳಗಿಳಿಯಿತು.

ಮನೆಗೆ ಬಂದ ಮೇಲೆ ಪ್ಯಾಂಟು ಬಿಚ್ಚಿ ಪಂಚೆ ಉಟ್ಟುಕೊಂಡು ಅವರು ಕೇಳಿದರು: “ನಾನು ಕೆಲಸದವ ಆಗಿದ್ದೆ ಅಂತ ಗೊತ್ತಾದ್ರೆ ನಿನ್ನ ಮನೆ ಕಿತ್ಕೊಳ್ತಾರಾ ಮಾರಾಯ?”

“ಇಲ್ಲಿನ ವಿಷಯ ನಿಮಗೆ ಗೊತ್ತಿಲ್ಲ ಅಪ್ಪಾ.”

“ನನಗಾ?” ಎಂದರು ಅಜ್ಜ. “ಇಲ್ಲಿನ ವಿಷಯ ನನಗೆ ಗೊತ್ತಿಲ್ಲ?” ಆಮೇಲೆ ನನ್ನನ್ನು ಹತ್ತಿರ ಕರೆದು ತಲೆ ಸವರಿದರು. “ಪೆಟ್ಟಾಯ್ತಾ ಮಗಾ, ಬಿದ್ದದ್ದು?” ನಾನು ಬೇಕೆಂದೇ ಬೀಳಿಸಿದ್ದೆಂದು ಹೇಳಲಿಕ್ಕೆ ಅಪ್ಪ ಬಿಡಲಿಲ್ಲ. “ಮಲಗ್ಲಿಕ್ಕೆ ಹೋಗು” ಎಂದು ಗದರಿದ.

ವೀಸಾ ಇನ್ನೂ ಇರುವಾಗಲೇ ಅಜ್ಜ ಊರಿಗೆ ಹೊರಟರು. ಬೆನ್ನುನೋವು, ಈ ಚಳಿ ನನಗಾಗುವುದಿಲ್ಲ ಎಂದರು. ಮುಂದಿನ ರಜೆಗಳಲ್ಲಿ ನಾವು ಊರಿಗೆ ಹೋದಾಗ ಯಕ್ಷಗಾನದ ಬಗ್ಗೆ, ಮೀನಿನ ಬಗ್ಗೆ ಮಾತಾಡಿದರೇ ಹೊರತು ಕ್ಯಾಂಪಿನ ಮಾತು ಎತ್ತಲಿಲ್ಲ. ನಾನು ಹೈಸ್ಕೂಲಿಗೆ ಬರುವ ಮೊದಲೇ ತೀರಿಕೊಂಡರು.

ಅಪ್ಪ ಅಷ್ಟು ಜೋಪಾನ ಮಾಡಿದ ಮನೆಯೂ ಉಳಿಯಲಿಲ್ಲ. ಅವನ ಹುದ್ದೆಯನ್ನೇ ಕಂಪನಿ ತೆಗೆದುಹಾಕಿತು. ಸಾಮಾನು ಕಟ್ಟಿ, ಗೇಟಿನಲ್ಲಿ ಎಲ್ಲರ ಕಾರ್ಡು ಒಪ್ಪಿಸಿ ಹೊರಗೆ ಬಂದೆವು. ಬೀಳ್ಕೊಡಲು ಬೀದಿಯವರು ಯಾರೂ ಬಂದಿರಲಿಲ್ಲ. ಗೇಟಿನ ಕಾವಲಿನವನು ಅಷ್ಟು ವರ್ಷ ಅಪ್ಪನಿಗೆ ಸಲಾಂ ಹೊಡೆದವನು, ಕಾರ್ಡು ಕೈಗೆ ಬಂದ ಮೇಲೆ “ಯಲ್ಲಾ, ಯಲ್ಲಾ” ಎಂದು ಅವಸರ ಮಾಡಿ ಕಾರನ್ನು ಮುಂದೆ ಕಳಿಸಿದ.

ಈಗ ನಾನು ಅದೇ ದೇಶದ ಪಶ್ಚಿಮ ತುದಿಯ ರಾಬಿಗ್‌ನಲ್ಲಿ ಕೆಲಸದಲ್ಲಿದ್ದೇನೆ. ಹೋದ ವರ್ಷ ಪೂರ್ವಕ್ಕೆ ಹೋದಾಗ ಮಗಳಿಗೆ ನಾನು ಬೆಳೆದ ಜಾಗ ತೋರಿಸೋಣವೆಂದು ಆ ಗೇಟಿಗೆ ಹೋದೆ. ಒಳಗಿನವರು ಯಾರಾದರೂ ಕರೆಯಬೇಕು ಎಂದರು ಕಾವಲಿನವರು. ಒಳಗೆ ನನಗೆ ಗೊತ್ತಿರುವವರು ಯಾರೂ ಇರಲಿಲ್ಲ. ಹೊರಗಿನ ರಸ್ತೆಯಲ್ಲಿ ಕಾರು ನಿಲ್ಲಿಸಿ, ಆ ತಗಡಿನ ಶೆಡ್ಡುಗಳು ಎಲ್ಲಿದ್ದವು ಎಂದಾದರೂ ಮಗಳಿಗೆ ಹೇಳೋಣವೆಂದು ನೋಡಿದೆ. ಒಂದು ಕಡೆ ಪಾರ್ಕಿಂಗು, ಇನ್ನೊಂದು ಕಡೆ ಹೆದ್ದಾರಿ. ಎಲ್ಲೆಂದು ಹೇಳಲಿ?

ಉಡುಪಿಯ ಫ್ಲ್ಯಾಟಿನಲ್ಲಿರುವ ಅಪ್ಪನಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಅಜ್ಜ ಇದ್ದ ಶೆಡ್ಡು ಯಾವ ದಿಕ್ಕಿಗಿತ್ತು, ಜೊತೆಗೆ ಯಾರಿದ್ದರು, ಎಷ್ಟು ವರ್ಷ ಅಲ್ಲಿ ಮಲಗಿದರು ಎಂದು ಕೇಳಿದೆ.

“ಗೊತ್ತಿಲ್ಲ ಮಗಾ” ಎಂದ ಅಪ್ಪ. “ನಾನು ಅವರನ್ನು ಮಾತಾಡ್ಲಿಕ್ಕೇ ಬಿಟ್ಟಿಲ್ಲ.”